ಬಾಣಂತನದಿಂದ ಬಸ್ಕಿಯವರೆಗೆ

ಕುಳಿತಲ್ಲಿ ಕಾಲು ಅಲ್ಲಾಡಿಸುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಮೇಜಿನ ಕೆಳಗೆ ಬಲಗಾಲು ತನ್ನಷ್ಟಕ್ಕೆ ತಾನೇ ತಾಳ ಹಾಕುತ್ತಿದ್ದರೆ, ಮೇಲೆ ನಾನು ಪರಮ ಗಾಂಭೀರ್ಯದಿಂದ ಅನ್ನ ಕಲಸುತ್ತಿರುತ್ತೇನೆ. “ಕಾಲು ಅಲ್ಲಾಡಿಸ್ಬೇಡ್ವೋ, ಮನೆಗೆ ದರಿದ್ರ” ಎಂದು ಇಪ್ಪತ್ತು ವರ್ಷ ಗದರಿದ ಅಮ್ಮ, ಹೋದ ವರ್ಷ ಒಂದು ದಿನ ಆಸ್ಪತ್ರೆಯ ಮಂಚದ ಪಕ್ಕ ಕುಳಿತು, “ಯಾಕೋ, ನಿನ್ನ ಕಾಲು ಸುಮ್ನಾಗ್ಬಿಟ್ಟಿದೆಯಲ್ಲೋ” ಎಂದು ಕಣ್ಣೊರೆಸಿಕೊಂಡಳು. ಆಗ ನನಗೆ ಇಪ್ಪತ್ತೈದು. ಲಿಂಫೋಮಾ, ಅಂದರೆ ಕುತ್ತಿಗೆಯ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ವೈದ್ಯರು ಹೇಳಿಯಾಗಿತ್ತು, ಕೀಮೋ ನಡೆಯುತ್ತಿತ್ತು.

ಚಿಕಿತ್ಸೆ ಮುಗಿದು, ಸ್ಕ್ಯಾನ್ ಚೊಕ್ಕಟವಾಗಿದೆಯೆಂಬ ಶುಭವಾರ್ತೆಯೊಂದಿಗೆ ವಿಜಯನಗರದ ಮನೆಗೆ ಮರಳಿದ ನನ್ನನ್ನು ಅಮ್ಮ ಅಡಿಯಿಂದ ಮುಡಿಯವರೆಗೆ, ಅಂದರೆ ಮುಡಿಯಿರಬೇಕಾಗಿದ್ದ ಜಾಗದವರೆಗೆ, ನೋಡಿದಳು. ಜರ್ಜರಿತವಾದ ಶರೀರವನ್ನು ಮೊದಲಿನಂತೆ ಮಾಡುವ ವಿದ್ಯೆ ಅವಳಿಗೆ ಗೊತ್ತಿದ್ದದ್ದು ಒಂದೇ: ಬಾಣಂತನ. ಅಕ್ಕನಿಗೆ ಎರಡು ಸಲ ಮಾಡಿ ಕೈ ಪಳಗಿತ್ತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಊಟಕ್ಕೆ ಮೆಣಸಿನ ಸಾರು, ಸ್ನಾನವಾದ ಮೇಲೆ ಒಂದೇ ಒಂದು ಕೂದಲಿಲ್ಲದ ಬುರುಡೆಗೆ ಶಾಸ್ತ್ರೋಕ್ತವಾಗಿ ಸಾಂಬ್ರಾಣಿ ಹೊಗೆ! ಕೆಂಗೇರಿ ಉಪನಗರದ ಕಾಲೇಜೊಂದರಲ್ಲಿ ಹಳಗನ್ನಡದ ವೀರರಸವನ್ನು ಬೋಧಿಸುತ್ತಿದ್ದ ಈ ಅತಿಥಿ ಉಪನ್ಯಾಸಕ, ಹೀಗೆ ಕೂಸಿಲ್ಲದ ಬಾಣಂತಿಯಾಗಿ ನಡುಮನೆಯ ಮಂಚದ ಮೇಲೆ ವಿರಾಜಮಾನನಾದ.

ಸುಖವಲ್ಲವೇ ಎನ್ನಬೇಡಿ. ಶರೀರಕ್ಕೆ ವಿಶ್ರಾಂತಿ ಹೆಚ್ಚಿದಷ್ಟೂ ಮನಸ್ಸು ಚಡಪಡಿಸುತ್ತಿತ್ತು. ಆ ಮಗ್ಗುಲು, ಈ ಮಗ್ಗುಲು. ಪುಸ್ತಕ ತೆರೆದರೆ ಅದೇ ಸಾಲು ಮತ್ತೆ ಮತ್ತೆ. ಮೊಬೈಲಿನಲ್ಲಿ ಯಾರದೋ ಕಾಯಿಲೆ ಮರುಕಳಿಸಿದ ಕಥೆ. ಅದನ್ನು ಓದಿ ಕುತ್ತಿಗೆ ತಡವಿಕೊಂಡು ಹೊಸ ಗಂಟು ಹುಡುಕುವುದು, ಸಿಗಲಿಲ್ಲವೆಂದು ಇನ್ನೊಮ್ಮೆ ಹುಡುಕುವುದು. ಮಲಗಿ ಮಲಗಿ ಸುಸ್ತು, ಸುಸ್ತಾಯಿತೆಂದು ಮತ್ತೆ ಮಲಗುವುದು.

ಇದನ್ನೆಲ್ಲ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಮುಂದೆ ಹೇಳಿಕೊಂಡೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವರಿರಬಹುದಾದ ಆ ಹೆಣ್ಣುಮಗಳು ವೈದ್ಯರ ಚೀಟಿ ನೋಡಿ, “ಮಲಗಿದ್ರೆ ಈ ಸುಸ್ತು ಹೋಗಲ್ಲ ಸಾರ್. ದಿನಾ ಸ್ವಲ್ಪ ನಡೀರಿ. ಕುರ್ಚಿ ಮೇಲೆ ಕೂತು ಎದ್ದೇಳೋದು ಮಾಡಿ. ಆಮೇಲೆ ನಿಧಾನಕ್ಕೆ ಮೆಟ್ಟಿಲು” ಎಂದರು. ನಾನು ಅಲ್ಲೇ ಐದು ಸಲ ಕುಳಿತು ಎದ್ದೆ. ಆರನೆಯದಕ್ಕೆ ತೊಡೆ ನಡುಗಿತು.

“ಏನಮ್ಮ ಇದು, ಬಸ್ಕಿ ಹೊಡೆಸ್ತಿದೀರಾ?” ಪಕ್ಕದಲ್ಲಿ ಕುಳಿತಿದ್ದ ಅಮ್ಮನ ದನಿ ಏರಿತು. “ಏನು ತಪ್ಪು ಮಾಡಿದಾನೆ ಅಂತ ನನ್ನ ಮಗನಿಗೆ ಬಸ್ಕಿ?”

ಆ ಪ್ರಶ್ನೆ ಆ ಹೆಣ್ಣುಮಗಳನ್ನು ಕೇಳಿದ್ದಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ನಡಿಗೆ ಶುರುವಾಯಿತು. ನಾನು ಮುಂದೆ, ಹತ್ತು ಹೆಜ್ಜೆ ಹಿಂದೆ ಅಮ್ಮ, ಹೆಗಲಿಗೆ ಫ್ಲಾಸ್ಕು, ಗ್ಲೂಕೋಸು, ಛತ್ರಿ ತುಂಬಿದ ಚೀಲ. ನಾನು ನಿಂತರೆ ಅವಳೂ ನಿಲ್ಲುತ್ತಾಳೆ. ಮೂರನೆಯ ದಿನ ನಡುರಸ್ತೆಯಲ್ಲೇ ರೇಗಿದೆ. “ನಾನೇನು ಮಗೂನಾ? ಯಾಕಮ್ಮ ಹಿಂದೆ ಹಿಂದೆ ಬರ್ತೀಯ?”

“ನಿನ್ನ ಹಿಂದೆ ಯಾರು ಬರ್ತಾ ಇದಾರೋ? ನಾನು ಈ ರೋಡಲ್ಲಿ ಹೋಗ್ತಾ ಇದೀನಿ, ಅಷ್ಟೇ.”

ನಗು ಬಂದರೂ ಕೋಪ ಇಳಿಯಲಿಲ್ಲ. ಆದರೆ ಅವಳ ಭಯದ ಮೂಲ ನನಗೆ ತಿಳಿಯದ್ದೇನಲ್ಲ. ಕಾಯಿಲೆ ಇನ್ನೂ ಗೊತ್ತಾಗದಿದ್ದ ದಿನಗಳಲ್ಲಿ ಅವಳು ಬ್ಯಾಡರಹಳ್ಳಿಗೆ ಒಂದು ಗೃಹಪ್ರವೇಶಕ್ಕೆಂದು ಹೋಗಿ, ಸಂಜೆ ಮರಳಿದಾಗ ನಾನು ಬಚ್ಚಲುಮನೆಯ ನೆಲದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದೆ. ಎಷ್ಟು ಹೊತ್ತಿನಿಂದ ಎಂದು ನನಗೂ ಗೊತ್ತಿಲ್ಲ. ಅಂದಿನಿಂದ ಅವಳು ನನ್ನನ್ನು ಕಣ್ಣು ಮರೆಯಾಗಲು ಬಿಟ್ಟಿಲ್ಲ. ಕೆಲಸಕ್ಕೆ ಹೋಗುವುದಿರಲಿ, ಬಚ್ಚಲಿನ ಚಿಲಕ ಹಾಕಿಕೊಳ್ಳಲೂ ಬಿಡುವುದಿಲ್ಲ. ರೋಗ ನನ್ನನ್ನು ಬಿಟ್ಟು ಹೋಗಿತ್ತು, ಆ ಸಂಜೆ ಅಮ್ಮನನ್ನು ಬಿಟ್ಟಿರಲಿಲ್ಲ. ಜೂನ್ ತಿಂಗಳಿಗೆ ಕಾಲೇಜು ಕರೆಯುತ್ತಿತ್ತು. ಅವಳು ಬಿಡದೆ ನಾನು ಹೋಗುವುದಾದರೂ ಹೇಗೆ?

ಒಂದು ಬೆಳಿಗ್ಗೆ ಎದ್ದರೆ ಎರಡೂ ತೊಡೆ ಹಿಡಿದುಕೊಂಡಿದ್ದವು. ಅಮ್ಮ ಗಾಬರಿಯಿಂದ ಫೋನ್ ಹಚ್ಚಿದಳು. “ಹೊಸದಾಗಿ ವ್ಯಾಯಾಮ ಮಾಡಿದ್ದಕ್ಕೆ ಆಂಟಿ, ಎಲ್ಲರಿಗೂ ಆಗುತ್ತೆ. ಎರಡು ದಿನದಲ್ಲಿ ಹೋಗದಿದ್ರೆ ಕರ್ಕೊಂಡು ಬನ್ನಿ” ಎಂದರು ಫಿಸಿಯೋಥೆರಪಿಸ್ಟ್. ಎಲ್ಲರಿಗೂ ಆಗುತ್ತೆ! ಒಂದು ವರ್ಷದಿಂದ ನನ್ನ ಪ್ರತಿಯೊಂದು ನೋವಿಗೂ ಒಂದು ಫೈಲು, ಒಂದು ಪರೀಕ್ಷೆ, ಒಂದು ಸರದಿ ಸಾಲು. ಇದು ಊರಿನ ಸಮಸ್ತ ಸೋಮಾರಿಗಳಿಗೂ ಬರುವ ಸಾಧಾರಣ ನೋವು. ಆ ದಿನ ಕುಂಟುತ್ತಾ ಮನೆಯೆಲ್ಲ ಓಡಾಡಿದೆ, ಖುಷಿಗೆ.

ಕೆಲವು ವಾರಗಳ ನಂತರ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳಿಗೆ ಬಡ್ತಿ ಪಡೆದೆ. “ಲಿಫ್ಟ್ ಇದೆಯಲ್ಲೋ” ಎಂದು ಗೊಣಗುತ್ತಲೇ ಅಮ್ಮ ಹಿಂದೆ ಹತ್ತಿದಳು. ಅರ್ಧ ದಾರಿಯಲ್ಲಿ ಜೋರಾಗಿ ಏದುಸಿರು ಕೇಳಿಸಿತು. ಅಭ್ಯಾಸಬಲದಿಂದ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡೆ. ಏದುಸಿರು ನನ್ನದಾಗಿರಲಿಲ್ಲ.

ಅಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಳು. ಮುಖ ಬೆವೆತಿತ್ತು. ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಒಂದು ವರ್ಷದಲ್ಲಿ ಅವಳಿಗೆ ಇಷ್ಟು ವಯಸ್ಸಾದದ್ದನ್ನು, ಸದಾ ನನ್ನ ಕುತ್ತಿಗೆಯನ್ನೇ ತಡವಿಕೊಳ್ಳುತ್ತಿದ್ದ ನಾನು, ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು.

“ಮಂಡಿ ಹಿಡ್ಕೊಂಡಿದೆ, ಅಷ್ಟೇ” ಎಂದಳು. ಮೇಲೆ ಮೆಟ್ಟಿಲು ತಿರುಗುವ ಕಡೆ ನೋಡಿದಳು. ಅದರಾಚೆ ಹೋದವರು ಇಲ್ಲಿಗೆ ಕಾಣುವುದಿಲ್ಲ. ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ನೀನು ಹೋಗ್ತಾ ಇರು. ನಾನು ನಿಧಾನಕ್ಕೆ ಬರ್ತೀನಿ.”

ಹತ್ತಿದೆ. ತಿರುವಿನಲ್ಲಿ, ತಡೆಯಲಾರದೆ, ಹಿಂತಿರುಗಿ ನೋಡಿದೆ. ಅಮ್ಮ ತಲೆ ತಗ್ಗಿಸಿ, ಎರಡೂ ಕೈಯಿಂದ ತನ್ನ ಮಂಡಿ ಉಜ್ಜಿಕೊಳ್ಳುತ್ತಿದ್ದಳು. ನನ್ನ ಕಡೆ ನೋಡುತ್ತಲೇ ಇರಲಿಲ್ಲ.