ನಾನು ಇಟ್ಟ ನಾಲ್ಕು ಚುಕ್ಕೆ

ಕೋರ್ಟಿನ ಕಾಗದ ಬಂದಾಗ ಸವಣೂರಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಸಹಿ ಮಾಡಿ ಒಡೆದು ಓದಿದೆ. ಐದು ವರ್ಷದ ಹಿಂದೆ ಹಿರೇಕೆರೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ ಆದ ಒಂದು ಹೆರಿಗೆಯ ಕೇಸು ಅದು. ಹಾವೇರಿಯ ಗ್ರಾಹಕರ ಕೋರ್ಟಿಗೆ ನಾನು ಸಾಕ್ಷಿ ಹೇಳಲು ಹೋಗಬೇಕಿತ್ತು.

ಹೆತ್ತವಳು ಮಾಸೂರಿನ ಹುಡುಗಿ, ಚೊಚ್ಚಲಿಗೆಂದು ತವರಿಗೆ ಬಂದಿದ್ದಳು. ನೋವು ತಿನ್ನುತ್ತಲೇ, ನಾನು ಬಾಗಿಲಲ್ಲಿ ಹಾದಾಗೊಮ್ಮೆ ಕೇಳುತ್ತಿದ್ದಳು: "ಅಕ್ಕಾರ, ಕೂಸು ಆರಾಮ ಐತೇನ್ರಿ?" ನಾನು ನಡೆಯುತ್ತಲೇ "ಆರಾಮ ಐತವಾ" ಅನ್ನುತ್ತಿದ್ದೆ. ಡಾಕ್ಟರು ಬೇರೊಬ್ಬಳ ಸಿಜೇರಿಯನ್‌ಗೆ ಒಳಗೆ ಹೋಗಿದ್ದರು. ಹೊರಗೆ ಇನ್ನಿಬ್ಬರು ಬಾಣಂತಿಯರು, ನೋಡಿಕೊಳ್ಳಲು ನಾನೊಬ್ಬಳೇ.

ನೋವು ಶುರುವಾದ ಮೇಲೆ ಅರ್ಧ ತಾಸಿಗೊಮ್ಮೆ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಬೇಕು, ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ಬಡಿತ ಇಳಿದರೆ ಡಾಕ್ಟರನ್ನು ಕೂಗಬೇಕು. ಕಲಿತದ್ದು ಹೀಗೆ. ಮಾಡುತ್ತಿದ್ದದ್ದು ಬೇರೆ. ನಮ್ಮಲ್ಲಿ ಚುಕ್ಕೆಗಳೆಲ್ಲ ಹೆರಿಗೆ ಮುಗಿದ ಮೇಲೆ, ಕೈ ತೊಳೆದುಕೊಂಡು ಕೂತು, ಒಂದೇ ಏಟಿಗೆ ಇಡುವಂಥವು. "ಕೂಸು ಹೊರಗ ಬರ್ಲಿ ತಗೋ, ಬರಿಯೂದು ಎಲ್ಲಿ ಓಡಿ ಹೋಗತೈತಿ" ಎಂದು ಹಿರಿಯ ಸಿಸ್ಟರ್ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದಳು. ಶಾಣೆ ವಿದ್ಯಾರ್ಥಿನಿ ನಾನು, ಬೇಗ ಕಲಿತೆ.

ಅವತ್ತು ಹತ್ತಕ್ಕೆ ಬಡಿತ ಕೇಳಿದ್ದೇ ಕೊನೆ. ಹನ್ನೆರಡು ದಾಟಿ ಹುಟ್ಟಿದ ಹೆಣ್ಣುಕೂಸು ಅಳಲಿಲ್ಲ, ಮೈ ನೀಲಿ. ಡಾಕ್ಟರು ಓಡಿ ಬಂದು ಆಕ್ಸಿಜನ್ ಹಚ್ಚಿ ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸ್ ಹೋದ ಮೇಲೆ ನಾನು ಮೇಜಿಗೆ ಕೂತು ಹತ್ತೂವರೆ, ಹನ್ನೊಂದು, ಹನ್ನೊಂದೂವರೆ, ಹನ್ನೆರಡು ಎಂದು ನಾಲ್ಕು ಚುಕ್ಕೆ ಇಟ್ಟೆ. ಒಂದೇ ಅಂಕಿಯಾದರೆ ಖರೆ ಅನಿಸುವುದಿಲ್ಲವೆಂದು ನೂರಾ ನಲವತ್ತು, ನೂರಾ ಮೂವತ್ತೆಂಟು ಎಂದು ತುಸು ಹೆಚ್ಚುಕಡಿಮೆ ಮಾಡಿದೆ. ಕೈ ನಡುಗಲೂ ಇಲ್ಲ. ಈಗ ನೆನೆದರೆ ಆ ಕೈಯ ಬಗ್ಗೆಯೇ ನನಗೆ ಹೆಚ್ಚು ಹೆದರಿಕೆ.

ಡಾಕ್ಟರು ತಡ ಮಾಡಿದ್ದರಿಂದ ಮಗಳು ಹೀಗಾದಳು ಎಂಬುದು ತಾಯಿಯ ದೂರು. ಕೊನೆಯವರೆಗೂ ಬಡಿತ ಸರಿಯಿತ್ತು, ಚಾರ್ಟ್ ನೋಡಿ ಎಂಬುದು ಆಸ್ಪತ್ರೆಯ ಉತ್ತರ. ಅಂದರೆ ಆಸ್ಪತ್ರೆಯವರ ಕೈಯಲ್ಲಿದ್ದದ್ದು ನನ್ನ ನಾಲ್ಕು ಚುಕ್ಕೆ. ಅವರ ವಕೀಲರು ಫೋನ್ ಮಾಡಿ ಮೆತ್ತಗೆ ಹೇಳಿದರು: "ನಾನ ಕೇಳಿ ಬರದೇನಿ ಅಂತ ಹೇಳಿ ಬರ್ರಿ, ಅಷ್ಟ ಸಾಕು. ಚಾರ್ಟ್ ಸುಳ್ಳು ಅಂದ್ರ ಮೊದ್ಲ ನಿಮ್ಮ ನೌಕರಿಗೆ ಕುತ್ತು, ನೋಡ್ರಿ." ಈಗ ಸವಣೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನನ್ನ ಸಂಬಳದ ಮೇಲೆಯೇ ಮನೆ ನಡೆಯುತ್ತಿತ್ತು. ಹಾಗೆಯೇ ಹೇಳುವುದೆಂದು ನಿಶ್ಚಯ ಮಾಡಿಕೊಂಡೇ ಹಾವೇರಿಯ ಬಸ್ ಹತ್ತಿದೆ.

ಕೋರ್ಟಿನ ಪಡಸಾಲೆಯಲ್ಲಿ ಆ ತಾಯಿ ನನ್ನನ್ನು ಗುರುತು ಹಿಡಿದು ಬಂದು ಬಗಲಲ್ಲೇ ಕೂತಳು. ತೊಡೆಯ ಮೇಲೆ ಮಗಳು. ಐದು ವರ್ಷವಾದರೂ ಕುತ್ತಿಗೆ ನಿಂತಿರಲಿಲ್ಲ, ಕೈಕಾಲು ಸೆಟೆದಿದ್ದವು. ಅವಳು ಸೆರಗಿನಿಂದ ಅದರ ಜೊಲ್ಲು ಒರೆಸುತ್ತ, "ನಿಮ್ಮ ಮ್ಯಾಲೆ ನಂಗ ಸಿಟ್ಟಿಲ್ರಿ ಅಕ್ಕಾರ. ನೀವು ಗಳಿಗಿಗೊಮ್ಮೆ ನೋಡಾಕತ್ತಿದ್ರಿ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಓಡಿಬಿಡೋಣ ಅನಿಸಿತು.

ಒಳಗೆ ಆಸ್ಪತ್ರೆಯ ವಕೀಲರು ಚಾರ್ಟ್ ಮುಂದೆ ಹಿಡಿದರು. ಅಕ್ಷರ ನಿಮ್ಮದೇ? ಹೌದು. ಹತ್ತೂವರೆಯಿಂದ ಹನ್ನೆರಡರವರೆಗೆ ನೀವೇ ಬಡಿತ ಕೇಳಿ ಬರೆದದ್ದು, ಹೌದಲ್ಲ? ಹಿಂದಿನ ಕುರ್ಚಿಯಲ್ಲಿ ಅವಳ ಮಗಳ ಉಸಿರು ಕಫಕ್ಕೆ ಗೊರಗೊರ ಅನ್ನುವುದು ಕೇಳುತ್ತಿತ್ತು. ಎಷ್ಟು ಬೇಡವೆಂದರೂ ಕೇಳುತ್ತಿತ್ತು.

"ಕೇಳಿದ್ದಿಲ್ರಿ," ಅಂದೆ. "ಹೆರಿಗಿ ಆದಮ್ಯಾಲೆ ಕುಂತು ಬರದೇನ್ರಿ."

ವಕೀಲರ ಮುಖ ಕಪ್ಪಿಟ್ಟಿತು. ತಾಯಿಯ ಕಡೆಯ ವಕೀಲರು ಲಗುಬಗೆಯಿಂದ ಬರೆದುಕೊಂಡರು. ಕೇಸು ಅವಳ ಕಡೆ ವಾಲಿತೆಂದು ನನಗೂ ತಿಳಿಯಿತು. ನನ್ನ ನೌಕರಿ ಹೋಗಲಿ, ಅವಳಿಗಾದರೂ ಒಳ್ಳೆಯದಾಯಿತು ಎಂದುಕೊಂಡು ಹೊರಗೆ ಬಂದೆ.

ಅವಳು ಮಗಳನ್ನು ಹೊತ್ತು ನನ್ನ ಬೆನ್ನ ಹಿಂದೆಯೇ ಬಂದಳು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಅಂದ್ರ ಅಷ್ಟೂ ಹೊತ್ತು ನನ್ನ ಕೂಸಿನ ಎದಿ ಯಾರೂ ಕೇಳಿದ್ದಿಲ್ಲೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಮಗಳ ಜೋಲುವ ತಲೆಯನ್ನು ಹೆಗಲಿಗೆ ಆನಿಸಿಕೊಂಡು, ಅದರ ಮುಖ ನನಗೆ ಕಾಣದ ಹಾಗೆ ಆಚೆ ತಿರುಗಿ ನಿಂತಳು.