ದಾಕ್ಷಾಯಣಮ್ಮನ ಹೊಲದ ಮಣ್ಣು

ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಅವಳು ‘ಮಣ್ಣಿನ ಮೀನಾಕ್ಷಿ’. ಅಪ್ಪ ಕುರಿ ಕಾದವನು. ಇವಳು ಮೊಬೈಲು, ಗುದ್ದಲಿ, ಬಟ್ಟೆ ಚೀಲ ಹಿಡಿದು ಹೊಲ ತಿರುಗುವವಳು. ಮೊಬೈಲು ಗುರುತು ತೋರಿಸಿದ ಕಡೆ ಗೇಣಾಳ ಅಗೆದು ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಮಣ್ಣು ಕಳಿಸುವುದು ಅವಳ ಕೆಲಸ. ಪರೀಕ್ಷೆಯಾದ ಮೇಲೆ ನಕ್ಷೆಗೆ ಬಣ್ಣ ಬೀಳುತ್ತದೆ. ಕೆಂಪಾದರೆ ಹುಳಿ ಮಣ್ಣು, ಸುಣ್ಣ ಹಾಕಬೇಕು, ಹಸಿರಾದರೆ ಬೇಡ.

ಹೋದ ಬೇಸಿಗೆ ದಾಕ್ಷಾಯಣಮ್ಮನ ಹೊಲದಲ್ಲಿ ಗುರುತು ಬಿದ್ದದ್ದು ಒಂದು ಪುಟ್ಟ ಸಮಾಧಿಯ ಮಗ್ಗುಲಿಗೇ. ಎಷ್ಟೋ ವರ್ಷದ ಹಿಂದೆ, ಎರಡು ವರ್ಷದ ಮಗಳನ್ನು ಆಕೆ ಅಲ್ಲಿ ಮಣ್ಣು ಮಾಡಿದ್ದಳು. ಮೀನಾಕ್ಷಿಯ ಮಗಳಿಗೂ ಹೋದ ಬೇಸಿಗೆಗೆ ಎರಡೇ. ಅವತ್ತು ಬೆಳಿಗ್ಗೆ ಮಗುವಿನ ಮೈ ಬೇರೆ ಬಿಸಿಯಿತ್ತು. ಗುದ್ದಲಿ ಎತ್ತಲು ಕೈ ಬರಲಿಲ್ಲ. ಯಾರನ್ನೂ ಕೇಳದೆ, ಬದುವಿನ ಹತ್ತಿರ ಮೆತ್ತಗಿದ್ದ ಕಡೆ ಅಗೆದು ಚೀಲ ತುಂಬಿಕೊಂಡು ಬಂದುಬಿಟ್ಟಳು. ವರ್ಷಗಟ್ಟಲೆ ಒಲೆಯ ಬೂದಿ ಸುರಿದ ಜಾಗ ಅದು. ಬೂದಿ ಮಣ್ಣಿನ ಹುಳಿಯನ್ನು ನುಂಗಿಬಿಡುತ್ತದೆ. ನಕ್ಷೆಯಲ್ಲಿ ಹೊಲಕ್ಕೆ ಹೊಲವೇ ಹಸಿರಾಯಿತು.

ಸುತ್ತಲಿನವರು ಸುಣ್ಣ ಹಾಕಿದರು, ದಾಕ್ಷಾಯಣಮ್ಮ ಹಾಕಲಿಲ್ಲ. ಶೇಂಗಾ ಕಿತ್ತರೆ ಕಾಯೆಲ್ಲ ಜೊಳ್ಳು.

ಸುದ್ದಿ ಕೇಳಿದ ಮೀನಾಕ್ಷಿಗೆ ಅನ್ನ ಸೇರಲಿಲ್ಲ. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಮುಂದಿನ ಬೆಳೆಯೂ ಜೊಳ್ಳೇ. ನಾಲ್ಕನೆಯ ದಿನ ಗುದ್ದಲಿ ಹಿಡಿದು ದಾಕ್ಷಾಯಣಮ್ಮನ ಹೊಲಕ್ಕೆ ಹೋಗಿ ಎಲ್ಲ ಹೇಳಿಕೊಂಡಳು.

“ಬೂದಿ ಗುರ್ತು ಸಿಗ್ಲಿಲ್ವೇನೆ ನಿಂಗೆ? ಮಣ್ಣು ಮೂಸೇ ಹೇಳ್ತೀನಿ ಅಂತ ಊರೆಲ್ಲ ಜಂಬ ಕೊಚ್ತಿದ್ದೆ!” ಎಂದಳು ದಾಕ್ಷಾಯಣಮ್ಮ.

“ತಪ್ಪಾತು ಅಕ್ಕ. ಅಲ್ಲಿ ಅಗಿಯಾಕೆ ಜೀವ ಬರ್ಲಿಲ್ಲ.”

“ನನ್ನೊಂದು ಮಾತು ಕೇಳಾಕೆ ಏನಾಗಿತ್ತು? ನನ್ ಮಗಳ ನೆಪ ಮಾಡ್ಕಂಡು ನನ್ ಹೊಲಾನೇ ಕೆಡ್ಸಿದ್ಯಲ್ಲೇ. ಕೊಡಿಲ್ಲಿ ಗುದ್ಲಿ.”

ಸೆರಗು ಸಿಕ್ಕಿಸಿ ಸಮಾಧಿಯ ಕಲ್ಲು ಮುಟ್ಟಿ ನಮಸ್ಕರಿಸಿದಳು. ಅದರ ಮಗ್ಗುಲಲ್ಲಿ ತಾನೇ ಅಗೆದಳು. ಗುದ್ದಲಿಯನ್ನು ಅಷ್ಟೆತ್ತರಕ್ಕೆ ಎತ್ತದೆ, ಮಲಗಿದವರಿಗೆ ಎಚ್ಚರವಾದೀತೆಂಬಂತೆ ಕೆರೆದು ಕೆರೆದು. ಬೊಗಸೆಯಲ್ಲಿ ಮಣ್ಣು ತುಂಬಿ, “ಹೂಂ, ಕಟ್ಟು,” ಎಂದಳು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಮೀನಾಕ್ಷಿ ಚೀಟಿ ಹಿಡಿದು ಓಡಿಬಂದಳು.

“ಹುಳಿ ಬಾಳ ಐತೆ ಅಕ್ಕ. ಸುಣ್ಣ ಹಾಕ್ಸಾಣ, ಮುಂದಿನ ಸಲ ಕಾಯಿ ಕಟ್ತದೆ.”

ದಾಕ್ಷಾಯಣಮ್ಮ ಸುಣ್ಣ ಎಷ್ಟು ಬೇಕೆಂದು ಕೇಳಲಿಲ್ಲ. ಚೀಟಿಯನ್ನೂ ನೋಡಲಿಲ್ಲ. ಹೊಲದ ಕಡೆ ಮುಖ ಮಾಡಿ ಕುಳಿತಳು.

“ಹಂಗಾರೆ ನನ್ ಕೂಸನ್ನ ಹುಳಿ ಮಣ್ಣಾಗೆ ಮಲಗ್ಸಿದ್ನೇನೆ, ಇಷ್ಟ್ ವರ್ಷ?”

ಮೀನಾಕ್ಷಿ ಚೀಟಿ ಮಡಚಿಟ್ಟಳು. ಪಕ್ಕದಲ್ಲಿ ಕುಳಿತು ಆಕೆಯ ಕೈ ಹಿಡಿದುಕೊಂಡಳು.