ನಿಧಾನಪ್ಪನವರು ಕಡಲಿಗೆ ಹೊರಟದ್ದು

ನಿಧಾನಪ್ಪ ಎಂಬುದು ಡಿಪೋದವರು ಇಟ್ಟ ಹೆಸರು. ಜೀವಮಾನವಿಡೀ ಸಿಟಿ ಬಸ್ಸು ಓಡಿಸಿದ ಮನುಷ್ಯ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕೇ ಹೊರತು ಇವರು ತಲೆ ಕೆಡಿಸಿಕೊಂಡವರಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ ಭಾವಮೈದುನನ ಲಾರಿ ಓಡಿಸಲು ಹೋಗುತ್ತಿದ್ದರು.

ಹಾಗೆ ಒಂದು ದಿನ ಬಂದರಿನ ಪಕ್ಕ ದೋಣಿ ರಿಪೇರಿ ಮಾಡುವ ಜಾಗಕ್ಕೆ ಹಾಯಿಕಂಬವೊಂದನ್ನು ಸಾಗಿಸಬೇಕಾಯಿತು. ಕಂಬ ಲಾರಿಗಿಂತ ಉದ್ದ. ಓಣಿಯೋ ಇಕ್ಕಟ್ಟು, ಅದರಲ್ಲೂ ನಡುವೆ ಒಂದು ತಿರುವು. ಎದುರಿಗೆ ಬಂದ ಕಾರಿನವನು ಬಾಯಿಗೆ ಬಂದಂತೆ ಬೈದ. ಇವರು "ಆಯ್ತಪ್ಪ, ಆಯ್ತು" ಎನ್ನುತ್ತ ಲಾರಿಯನ್ನು ಹಿಂದೆ ಮುಂದೆ ಮಾಡಿ, ನಿದ್ದೆ ಹೋದ ಮಗುವನ್ನು ಮಂಚಕ್ಕೆ ಇಳಿಸುವ ಹಾಗೆ ಕಂಬವನ್ನು ಒಳಗೆ ತಂದರು.

ಗೇಟಿನ ಬಳಿ ನಿಂತು ಇದನ್ನೆಲ್ಲ ನೋಡಿದವರು ದೋಣಿಯ ಒಡತಿ. ಸರಕು ಹಡಗುಗಳಲ್ಲಿ ದುಡಿದು ಬಂದಿದ್ದ ಅವರನ್ನು ಎಲ್ಲರೂ ಕ್ಯಾಪ್ಟನ್ ಮೇಡಂ ಎನ್ನುತ್ತಿದ್ದರು. ತಮ್ಮನನ್ನು ಜೊತೆಗಿಟ್ಟುಕೊಂಡು ಈ ಹಾಯಿದೋಣಿಯಲ್ಲಿ ಮಹಾಸಾಗರ ದಾಟುವ ತಯಾರಿಯಲ್ಲಿದ್ದರು. ಸರದಿಯಲ್ಲಿ ಚುಕ್ಕಾಣಿ ಹಿಡಿಯಲು ಮೂರನೆಯವರೊಬ್ಬರು ಬೇಕಿತ್ತು. ಬಂದವರೆಲ್ಲ ಕೆಲಸ ಬಲ್ಲವರೇ, ಆದರೆ ಅಕ್ಕ ತಮ್ಮನ ಜೊತೆ ಯಾರಿಗೂ ಆಗಿಬರುತ್ತಿರಲಿಲ್ಲ.

"ನಿಮಗೆ ಸಿಟ್ಟೇ ಬರಲ್ವಾ?" ಎಂದು ಮೇಡಂ ಕೇಳಿದರು.

"ಬರುತ್ತೆ ಮೇಡಂ. ಅಷ್ಟೊತ್ತಿಗೆ ಮುಂದಿನ ಸ್ಟಾಪ್ ಬಂದುಬಿಡುತ್ತೆ."

"ನಮ್ಮ ಜೊತೆ ಬರ್ತೀರಾ? ದೋಣಿ ನಡೆಸೋದು ಕಲಿಸಬಹುದು. ಸ್ವಭಾವ ಕಲಿಸೋಕಾಗಲ್ಲ."

ಮನೆಯಲ್ಲಿ ಈ ಸುದ್ದಿಗೆ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಬಕೆಟ್ ನೀರು ಬಿಟ್ಟು ಬೇರೆ ನೀರು ಮುಟ್ಟಿದವರಲ್ಲ ನೀವು. ಈಜೋಕೆ ಬರುತ್ತಾ?"

"ಕಲೀತೀನಿ."

"ಈ ವಯಸ್ಸಲ್ಲಾ?"

"ಮುಳುಗೋಕೆ ವಯಸ್ಸು ಅಡ್ಡ ಬರಲ್ಲ. ಈಜೋಕೆ ಯಾಕೆ ಬರಬೇಕು?"

ಆಕೆಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟು ನೆತ್ತಿಗೇರಿತು. ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು.

ನಿಧಾನಪ್ಪನವರು ಈಜು ಕಲಿತರು, ಗಂಟು ಹಾಕುವುದನ್ನೂ ಕಲಿತರು. ದಾರಿಯ ದಿನಸಿ ಡಬ್ಬಿಗಳ ಮೇಲಿನ ಚೀಟಿ ಕಿತ್ತು ಮುಚ್ಚಳದ ಮೇಲೆ ಪೇಂಟಿನಲ್ಲಿ ಹೆಸರು ಬರೆದರು. ಚೀಟಿ ನೆಂದು ಕಳಚಿದರೆ ದೋಣಿಯ ತಳದ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದಂತೆ. ಒಂದೊಂದು ಹಗ್ಗವನ್ನೂ ಬೆರಳ ನಡುವೆ ಎಳೆದು, ಎಲ್ಲಿ ಸವೆದಿದೆ ಎಂದು ಹುಡುಕಿದರು. ಚುಕ್ಕಾಣಿ ಹಿಡಿದಾಗ ಮಾತ್ರ ಕಾಲು ತನ್ನಷ್ಟಕ್ಕೆ ಬ್ರೇಕು ಹುಡುಕುತ್ತಿತ್ತು. "ಹಿಂದೆ ಯಾರೂ ಬರ್ತಿಲ್ಲ ಮಾಮ, ಕನ್ನಡಿ ಹುಡುಕಬೇಡಿ," ಎಂದು ಮೇಡಂ ಅವರ ತಮ್ಮ ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ಬಂದರಿನ ಆಚೆ ಅಭ್ಯಾಸಕ್ಕೆಂದು ಅವನು ಒಂದು ದಿಂಬನ್ನು ನೀರಿಗೆ ಎಸೆದು "ಮನುಷ್ಯ ಬಿದ್ದ" ಎಂದು ಕೂಗಿದ. ದಿಂಬಿನ ಮೇಲೆ ಕಣ್ಣಿಟ್ಟು, ಅದರತ್ತ ಕೈ ಚಾಚಿ ನಿಲ್ಲುವುದು ನಿಧಾನಪ್ಪನವರ ಕೆಲಸ. ಹಗ್ಗವೊಂದು ಕಾಲಿಗೆ ತೊಡರಿತು, ಅವರು ಒಮ್ಮೆ ಕೆಳಗೆ ನೋಡಿದರು, ಅಷ್ಟೆ. ತಲೆಯೆತ್ತಿದಾಗ ದಿಂಬಿಲ್ಲ. ಹಾಡಹಗಲು, ಬಿಸಿಲು ಹೊಡೆಯುತ್ತಿದೆ, ಸಣ್ಣ ಸಣ್ಣ ಅಲೆ. ಎಷ್ಟು ಸುತ್ತಿದರೂ ಸಿಗಲಿಲ್ಲ. ಅದರ ಗಾತ್ರ ಹೆಚ್ಚುಕಡಿಮೆ ಒಂದು ತಲೆಯಷ್ಟಿತ್ತು. ಅಂದಿನಿಂದ ಅವರು ಸೊಂಟದ ಬೆಲ್ಟಿನ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮನೆಯಲ್ಲಿ ಈ ವಿಷಯ ಬಾಯಿ ಬಿಡಲೂ ಇಲ್ಲ.

ಹೊರಡುವ ಮುಂಚಿನ ಕೊನೆಯ ಪರೀಕ್ಷೆಗೆ ಎರಡು ದಿನ ದೂರ ಹೋಗಿಬರುವುದೆಂದಾಯಿತು. "ನಾನೂ ಬರ್ತೀನಿ. ಎಲ್ಲಿಗೆ ಕಳಿಸ್ತಿದ್ದೀನಿ ಅಂತ ನೋಡಬೇಕು," ಎಂದು ಹೆಂಡತಿ ಪಟ್ಟು ಹಿಡಿದರು.

ಮೊದಲ ದಿನ ಆಕೆ ಹೊಟ್ಟೆ ತೊಳಸಿ ಮಲಗಿದಲ್ಲೇ ಇದ್ದರು. ಮರುದಿನ ಮೇಲೆ ಬಂದು ಕೂತಾಗ ಸುತ್ತ ಎಲ್ಲೂ ನೆಲವಿರಲಿಲ್ಲ. ನಿಧಾನಪ್ಪನವರು ಚುಕ್ಕಾಣಿ ಹಿಡಿದಿದ್ದರು. ಹಿಂದಿನಿಂದ ನೀರಿನ ಒಂದು ಗುಡ್ಡ, ನೊರೆಯಿಲ್ಲ, ಸದ್ದಿಲ್ಲ, ಮೆಲ್ಲಗೆ ಬಂತು. ದೋಣಿಯನ್ನು ಅಂಗೈಯಲ್ಲಿಟ್ಟು ಎತ್ತಿತು, ಇಳಿಸಿತು, ಮುಂದೆ ಹೋಯಿತು. ಅದರ ಹಿಂದೆ ಇನ್ನೊಂದು.

"ಗಾಳಿ ಇಷ್ಟು ಕಮ್ಮಿ ಇದೆ. ಇವು ಎಲ್ಲಿಂದ ಬರ್ತಿವೆ?" ಎಂದು ನಿಧಾನಪ್ಪನವರು ಕೇಳಿದರು.

"ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ್ದು," ಎಂದರು ಮೇಡಂ. "ಆ ಗಾಳಿ ನಿಂತು ಎಷ್ಟೋ ದಿನ ಆಗಿರುತ್ತೆ. ಅಲೆ ಮಾತ್ರ ನಡೀತಾನೇ ಇದೆ."

ನಿಧಾನಪ್ಪನವರ ಕಣ್ಣು ಆಳ ತೋರಿಸುವ ಮೀಟರಿನ ಮೇಲೆ ಬಿತ್ತು. ಅಂಕಿಯಿಲ್ಲ, ಬರೀ ಗೆರೆಗಳು. "ಮೇಡಂ, ಇದು ಕೆಟ್ಟಿದೆ."

"ಕೆಟ್ಟಿಲ್ಲ. ಅದಕ್ಕೆ ತಳ ಸಿಗ್ತಿಲ್ಲ."

ನಿಧಾನಪ್ಪನವರ ಅಂಗಾಲು ಜುಮ್ಮೆಂದಿತು. ತಾವು ಕೂತ ಹಲಗೆಯ ಕೆಳಗೆ ಒಂದು ಬೆಟ್ಟ ಮುಳುಗಿಸಿದರೂ ತುದಿ ಕಾಣದಷ್ಟು ನೀರು. ಹೆದರಿಕೆ ಎನ್ನೋಣವೆಂದರೆ ಓಡಿಹೋಗಬೇಕೆನಿಸಲಿಲ್ಲ. ಎದ್ದು ನಿಲ್ಲಬೇಕೆನಿಸಿತು, ದೊಡ್ಡವರು ಮನೆಗೆ ಬಂದಾಗ ನಿಲ್ಲುವ ಹಾಗೆ. ತಿರುಗಿ ನೋಡಿದರೆ ಹೆಂಡತಿ ಆಗಲೇ ಕಂಬಿ ಹಿಡಿದು ನಿಂತಿದ್ದರು.

ದಡ ಮುಟ್ಟುವಾಗ ಆಕೆ ಹೇಳಿದರು: "ಹೋಗಿ ಬನ್ನಿ."

"ಭಯ ಆಗಲಿಲ್ವಾ?"

"ಆಯ್ತು. ಆದ್ರೆ ಇಂಥದ್ದು ನೋಡಿದ ಮೇಲೆ ನಿಮ್ಮನ್ನ ಮನೇಲಿ ಕೂರಿಸಿದ್ರೆ ಆ ಸಪ್ಪೆ ಮುಖ ನಾನೇ ತಾನೇ ದಿನಾ ನೋಡಬೇಕು? ಬೆಲ್ಟ್ ಮಾತ್ರ ಬಿಚ್ಚಬೇಡಿ."

ದೋಣಿ ಹೊರಟಿತು, ಆಚೆ ದಡವನ್ನೂ ಸೇರಿತು. ನಡುವೆ ಹಾಯಿ ಒಮ್ಮೆ ಹರಿಯಿತು, ಹೊಲಿದುಕೊಂಡರು. ಮೂವರಲ್ಲಿ ಒಮ್ಮೆಯೂ ಜಗಳವಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಉಪ್ಪಿನ ಡಬ್ಬಿಯ ವಿಷಯಕ್ಕಿಂತ ದೊಡ್ಡ ಜಗಳವಾಗಲಿಲ್ಲ.

ನಿಧಾನಪ್ಪನವರು ವಿಮಾನದಲ್ಲಿ ಮರಳಿದರು. ವಾರಗಟ್ಟಲೆ ದಾಟಿದ್ದ ನೀರು ಕಿಟಕಿಯ ಕೆಳಗೆ ಗಂಟೆಗಟ್ಟಲೆ ಹಾಗೇ ಹರಡಿಕೊಂಡಿತ್ತು. ಅಷ್ಟು ನೀರಲ್ಲಿ ಒಂದು ದೋಣಿಯೂ ಕಾಣಲಿಲ್ಲ. ತಾವಿದ್ದಾಗಲೂ ಮೇಲಿಂದ ಯಾರಿಗೂ ಕಂಡಿರಲಾರದು ಎಂದು ಹೊಳೆದು ಮೈ ನವಿರೆದ್ದಿತು.

"ಏನು ಸ್ವಾಮಿ, ಆಗಿಂದ ನೋಡ್ತಾ ಇದ್ದೀರಿ? ಬರೀ ನೀರು," ಎಂದರು ಪಕ್ಕದ ಸೀಟಿನವರು.

"ಹೌದು, ನೀರೇ," ಎಂದು ನಿಧಾನಪ್ಪನವರು ಅವರಿಗೂ ಕಾಣಲೆಂದು ಸ್ವಲ್ಪ ಹಿಂದಕ್ಕೆ ಸರಿದು ಕೂತರು.